ಒಳಜಾಲದ ಬಾಗಿಲು: ಯಾರಿಗೆ, ಎಷ್ಟು, ಎಲ್ಲಿಯವರೆಗೆ?

ಬೆಂಗಳೂರು ಪೂರ್ವ ತಾಲ್ಲೂಕಿನ ಆಡಳಿತ ಕೇಂದ್ರ ಕೃಷ್ಣರಾಜಪುರ. ನಾವೆಲ್ಲ ಬಾಯಿತುಂಬ ಕೆ.ಆರ್. ಪುರ ಎನ್ನುತ್ತೇವೆ. ಅಲ್ಲಿನ ತೂಗುಸೇತುವೆಯನ್ನೂ ರೈಲು ನಿಲ್ದಾಣವನ್ನೂ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರು ಮಾತ್ರ ಕಡಿಮೆ. ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದ ವರ್ತೂರು, ಮಹದೇವಪುರ, ಹೂಡಿ ಕಡೆಯ ಹೊಲಗಳಲ್ಲಿ ಇಂದು ಗಾಜಿನ ಕಟ್ಟಡಗಳು ಎದ್ದು ನಿಂತಿವೆ. ಅಲ್ಲಿ ಒಂದು ಗುಂಟೆ ನೆಲವೆಂದರೆ ಒಂದು ಸಂಸಾರದ ಜೀವಮಾನದ ಗಳಿಕೆ. ಆ ಗುಂಟೆ ಯಾರದು ಎಂದು ಹೇಳುವುದು ಪಹಣಿಯಲ್ಲಿ ಬರೆದ ಒಂದು ಹೆಸರು, ಒಂದೇ ಒಂದು ಸಾಲು.

ಆ ಸಾಲು ಇಂದು ಕಂಪ್ಯೂಟರಿನಲ್ಲಿದೆ. ಹಾಗಾದರೆ ಅದನ್ನು ಯಾರು ನೋಡಬಹುದು? ಯಾರು ತಿದ್ದಬಹುದು? ತಿದ್ದಿದವರು ಯಾರೆಂದು ನಾಳೆ ತಿಳಿಯುವುದು ಹೇಗೆ? ಪರದೆಯ ಮೇಲಿನ ಮಾತುಕತೆಯಲ್ಲಿ ಸಮಯದ ಮಿತಿಯಿಂದಾಗಿ ಇಂತಹ ಪ್ರಶ್ನೆಗಳನ್ನು ಮುಟ್ಟಿ ಮುಂದೆ ಹೋಗಬೇಕಾಗುತ್ತದೆ. ಪುಟದ ಮೇಲೆ ಆ ಅವಸರವಿಲ್ಲ. ನಿಧಾನವಾಗಿ ನೋಡೋಣ ಬನ್ನಿ.

ಒಳಜಾಲ ಎಂದರೇನು?

ಅಂತರಜಾಲ ನಿಮಗೆ ಗೊತ್ತು. ವಿಳಾಸ ತಿಳಿದವರು ಯಾರು ಬೇಕಾದರೂ ಅಲ್ಲಿನ ತಾಣವನ್ನು ತೆರೆಯಬಹುದು. ಒಂದು ಸಂಸ್ಥೆ ತನ್ನ ನೌಕರರಿಗಾಗಿ ಮಾತ್ರ ನಡೆಸುವ ತಾಣಗಳ ಗುಂಪನ್ನು ಒಳಜಾಲ ಎನ್ನೋಣ. ಇಂಟ್ರಾನೆಟ್ ಎಂಬುದು ಇದಕ್ಕೇ. ಸಂಬಳದ ಚೀಟಿ, ರಜೆಯ ಅರ್ಜಿ, ಗ್ರಾಹಕರ ಪಟ್ಟಿ, ಹೊಸ ವಸ್ತುವಿನ ನಕಾಶೆ ಎಲ್ಲವೂ ಅಲ್ಲಿರುತ್ತವೆ.

ಇದು ನಮ್ಮ ಊರಿಗೆ ಹೊಸತಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದಾಗ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಇಲ್ಲಿನ ಎಂಜಿನಿಯರುಗಳು ರಚಿಸಿದ ಚಿಪ್‌ಗಳ ನಕ್ಷೆ ಉಪಗ್ರಹದ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. ಸಾರ್ವಜನಿಕರಿಗೆ ಅಂತರಜಾಲ ದೊರೆಯುವ ಹತ್ತು ವರ್ಷ ಮೊದಲೇ ದಂಡಿನ ಒಂದು ಕಟ್ಟಡ ಹೀಗೆ ಸಾಗರದಾಚೆಯ ಕಚೇರಿಯ ಒಳಕೋಣೆಯಾಗಿತ್ತು. ಇಂದು ಇಂದಿರಾನಗರದ ನೂರಡಿ ರಸ್ತೆಯ ಮಹಡಿಯ ಮೇಲಿನ ಹತ್ತು ಜನರ ಕಂಪನಿಗೂ ಒಂದು ಒಳಜಾಲವಿದೆ.

ಇದರಲ್ಲಿ ಒಂದು ಸರಳ ಉಪಾಯವೂ ಇದೆ. 10 ರಿಂದ ಆರಂಭವಾಗುವ, ಅಥವಾ 192.168 ರಿಂದ ಆರಂಭವಾಗುವ ಕಂಪ್ಯೂಟರ್ ವಿಳಾಸಗಳನ್ನು ಖಾಸಗಿ ಬಳಕೆಗೆಂದು 1996ರ ನಿಯಮ ಬಿಟ್ಟುಕೊಟ್ಟಿದೆ. ಹೊರಗಿನ ಅಂತರಜಾಲದಲ್ಲಿ ಇವುಗಳಿಗೆ ದಾರಿಯೇ ಇಲ್ಲ. ನಿಮ್ಮ ಮನೆಯ ವೈಫೈಗೆ ಸೇರಿದ ಫೋನಿನ ವಿಳಾಸವನ್ನು ನೋಡಿ. ಬಹುಶಃ ಇಂತಹುದೇ ಇರುತ್ತದೆ. ಆದರೆ ದಾರಿ ಕಾಣದ ಮನೆಗೆ ಬೀಗ ಬೇಡವೆನ್ನಲಾಗದು. ಒಳಗೆ ಒಮ್ಮೆ ಕಾಲಿಟ್ಟವನಿಗೆ ಎಲ್ಲ ಕೋಣೆಗಳೂ ತೆರೆದಿದ್ದರೆ?

ಮೂರು ಪ್ರಶ್ನೆಗಳು

ಹಲಸೂರು ಮೆಟ್ರೊ ನಿಲ್ದಾಣವನ್ನು ನೆನಪಿಸಿಕೊಳ್ಳಿ. 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೊ ಮೊದಲು ಓಡಿದ್ದು ಈ ದಾರಿಯಲ್ಲಿಯೇ. ನೀವು ಕಾರ್ಡನ್ನು ಇಡುತ್ತೀರಿ, ತಡೆಬಾಗಿಲು ತೆರೆಯುತ್ತದೆ. ಆದರೆ ಅದೇ ಕಾರ್ಡಿನಿಂದ ರೈಲು ಚಾಲಕರ ಕೋಣೆ ತೆರೆಯುವುದಿಲ್ಲ, ನಿಲ್ದಾಣದ ನಿಯಂತ್ರಣ ಕೊಠಡಿಯೂ ತೆರೆಯುವುದಿಲ್ಲ. ನೀವು ಎಲ್ಲಿ ಒಳಗೆ ಬಂದಿರಿ, ಎಲ್ಲಿ ಹೊರಗೆ ಹೋದಿರಿ ಎಂಬುದು ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ದರವನ್ನು ಲೆಕ್ಕ ಹಾಕುವುದು ಹೇಗೆ?

ಒಳಜಾಲದ ಕಾವಲು ಇವೇ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಮೊದಲನೆಯದು: ನೀವು ಯಾರು? ಎರಡನೆಯದು: ನಿಮಗೆ ಇಲ್ಲಿ ಏನು ಮಾಡಲು ಅಧಿಕಾರವಿದೆ? ಮೂರನೆಯದು: ನೀವು ಏನು ಮಾಡಿದಿರಿ? ಗುರುತು, ಅಧಿಕಾರ, ದಾಖಲೆ ಎಂದು ಇವನ್ನು ಕರೆಯೋಣ. ಅನೇಕರು ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದೊಡನೆ ಕಾವಲು ಮುಗಿಯಿತೆಂದು ತಿಳಿಯುತ್ತಾರೆ. ಹೆಚ್ಚಿನ ಅನಾಹುತಗಳಿಗೆ ಮೂಲ ಅಲ್ಲಿಯೇ ಇದೆ.

ನೀವು ಯಾರು?

ಗುರುತನ್ನು ಮೂರು ಬಗೆಯಲ್ಲಿ ಸಾಬೀತು ಮಾಡಬಹುದು: ನಿಮಗೆ ತಿಳಿದಿರುವ ಒಂದು ಗುಟ್ಟಿನಿಂದ, ನಿಮ್ಮ ಬಳಿ ಇರುವ ಒಂದು ವಸ್ತುವಿನಿಂದ, ಇಲ್ಲವೇ ನಿಮ್ಮ ದೇಹದ ಲಕ್ಷಣದಿಂದ. ಗುಪ್ತಪದ, ಅಂದರೆ ಪಾಸ್‌ವರ್ಡ್, ಮೊದಲನೆಯ ಬಗೆ.

ಕಂಪ್ಯೂಟರಿಗೆ ಗುಪ್ತಪದ ಬಂದದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ರೂಪಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. ಅದು ಹೆಚ್ಚು ಕಾಲ ಗುಪ್ತವಾಗಿ ಉಳಿಯಲಿಲ್ಲ! 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ತನಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲದೆ, ಗುಪ್ತಪದಗಳ ಕಡತವನ್ನೇ ಮುದ್ರಿಸುವಂತೆ ಕಂಪ್ಯೂಟರಿಗೆ ಆಜ್ಞೆ ಕೊಟ್ಟ. ಅದು ವಿಧೇಯವಾಗಿ ಮುದ್ರಿಸಿಕೊಟ್ಟಿತು. ಕೆಲವು ವರ್ಷಗಳ ನಂತರ, 1966ರಲ್ಲಿ, ಎರಡು ಕಡತಗಳು ಅದಲು ಬದಲಾಗಿ ಸ್ವಾಗತ ಸಂದೇಶದ ಜಾಗದಲ್ಲಿ ಎಲ್ಲರ ಗುಪ್ತಪದಗಳೂ ಎಲ್ಲರ ಮುಂದೆ ಪ್ರತ್ಯಕ್ಷವಾದವು.

ಇದರಿಂದ ಕಲಿತ ಪಾಠವೇನು? ಕಾವಲುಗಾರನ ಬಳಿಯೂ ಗುಪ್ತಪದ ಇರಬಾರದು. ಇದೆಂತಹ ಒಗಟು! ಗುಪ್ತಪದ ಗೊತ್ತಿಲ್ಲದ ಕಾವಲುಗಾರ ಅದು ಸರಿಯೇ ತಪ್ಪೇ ಎಂದು ಹೇಳುವುದು ಹೇಗೆ?

ಒಂದು ಚಿಕ್ಕ ಲೆಕ್ಕ ಮಾಡಿ. 4827 ನಿಮ್ಮ ಗುಪ್ತ ಸಂಖ್ಯೆ. ಅದರ ವರ್ಗ 2,32,99,929. ಇದರಲ್ಲಿ ಎಂಟು ಅಂಕಿಗಳಿವೆ. ನಡುವಿನ ನಾಲ್ಕನ್ನು ಮಾತ್ರ ಇಟ್ಟುಕೊಳ್ಳಿ: 2999. ಕಾವಲುಗಾರನ ಪುಸ್ತಕದಲ್ಲಿ ಬರೆದಿರುವುದು ಈ 2999 ಮಾತ್ರ. ನೀವು ಬಂದು 4827 ಎಂದರೆ ಆತ ವರ್ಗ ಮಾಡಿ, ನಡುವಿನ ಅಂಕಿ ನೋಡಿ, ಹೋಲಿಸಿ, ಒಳಗೆ ಬಿಡುತ್ತಾನೆ. ಪುಸ್ತಕ ಕದ್ದವನಿಗೆ ಸಿಗುವುದು 2999. ಅದರಿಂದ ಹಿಂದಕ್ಕೆ ನಡೆದು 4827 ತಲುಪಲು ನೇರ ದಾರಿ ಇಲ್ಲ. ಹೋಗುವ ದಾರಿಯುಂಟು, ಮರಳುವ ದಾರಿಯಿಲ್ಲ. ಇದನ್ನು ಏಕಮುಖ ಸೂತ್ರ ಎನ್ನುತ್ತಾರೆ. ಕಂಪ್ಯೂಟರ್ ಭಾಷೆಯಲ್ಲಿ ಹ್ಯಾಶ್. ನಮ್ಮ ಉದಾಹರಣೆ ಆಟಿಕೆಯಷ್ಟೆ. ನಿಜವಾದ ಸೂತ್ರಗಳು ಬಹಳ ಕಠಿಣವಾದವು.

ಆದರೂ ಕಳ್ಳನಿಗೆ ಒಂದು ದಾರಿ ಉಳಿದಿದೆ. 0000 ಯಿಂದ 9999 ರವರೆಗೆ ಒಂದೊಂದಾಗಿ ವರ್ಗ ಮಾಡಿ ನೋಡಿದರೆ ಯಾವುದೋ ಒಂದು ಹೊಂದಿಕೊಳ್ಳಲೇಬೇಕು. ಮನುಷ್ಯನಿಗೆ ಇದು ದಿನಗಟ್ಟಲೆಯ ಕೆಲಸ, ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನದು. ಆದುದರಿಂದ ಎರಡು ಉಪಾಯಗಳನ್ನು ಸೇರಿಸಿದರು. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಇವನ್ನು ವಿವರಿಸಿದ್ದಾರೆ. ಒಂದು, ಪ್ರತಿಯೊಬ್ಬರ ಗುಪ್ತಪದಕ್ಕೂ ಬೇರೆ ಬೇರೆ ‘ಉಪ್ಪು’ ಬೆರೆಸುವುದು. ಇಲ್ಲಿ ಉಪ್ಪು ಎಂದರೆ ಕಂಪ್ಯೂಟರ್ ತಾನೇ ಆರಿಸಿದ ಒಂದು ಅಂಕಿ. ಆಗ ಇಬ್ಬರು ಒಂದೇ ಗುಪ್ತಪದ ಇಟ್ಟುಕೊಂಡರೂ ಪುಸ್ತಕದಲ್ಲಿ ಬೇರೆ ಬೇರೆ ಕಾಣುತ್ತದೆ. ಕಳ್ಳ ಪ್ರತಿಯೊಬ್ಬರಿಗೂ ಹೊಸದಾಗಿ ಲೆಕ್ಕ ಹಾಕಬೇಕು. ಎರಡು, ಸೂತ್ರವನ್ನು ಬೇಕೆಂದೇ ನಿಧಾನ ಮಾಡುವುದು.

ನಿಧಾನದಿಂದ ಏನು ಲಾಭ? ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಗುಪ್ತಪದಗಳು ಒಟ್ಟು ಸುಮಾರು 20,882 ಕೋಟಿ. ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರ ಎಲ್ಲವನ್ನೂ ಮೂರೂವರೆ ನಿಮಿಷದಲ್ಲಿ ಮುಗಿಸುತ್ತದೆ. ಒಂದು ಊಹೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುವಂತೆ ಸೂತ್ರವನ್ನು ನಿಧಾನಗೊಳಿಸಿದರೆ ಅದೇ ಕೆಲಸಕ್ಕೆ ಒಂದು ಯಂತ್ರಕ್ಕೆ 660 ವರ್ಷ ಬೇಕು! ನಿಮಗೋ, ಬಾಗಿಲಲ್ಲಿ ಆ ಹತ್ತನೆಯ ಒಂದು ಭಾಗ ಕಾದದ್ದು ತಿಳಿಯುವುದೂ ಇಲ್ಲ.

ಉದ್ದವೂ ಮುಖ್ಯ. ಎಂಟರ ಬದಲು ಹನ್ನೆರಡು ಅಕ್ಷರ ಮಾಡಿದರೆ ಆ ವೇಗದ ಯಂತ್ರಕ್ಕೂ ಮೂರು ವರ್ಷ ಬೇಕು. 5,000 ಪದಗಳ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಐದು ಪದಗಳಾದರೆ ಸುಮಾರು 99 ವರ್ಷ. ಗಮನಿಸಿ, ಚೀಟಿ ಎತ್ತಿ ಆರಿಸಿದ ಪದಗಳು. ನಿಮ್ಮ ಮೆಚ್ಚಿನ ನಟನ ಹೆಸರು, ಹುಟ್ಟಿದ ವರ್ಷ, ಊರಿನ ದೇವರ ಹೆಸರು ಕಳ್ಳನ ಪಟ್ಟಿಯಲ್ಲಿ ಮೊದಲ ಪುಟದಲ್ಲೇ ಇರುತ್ತವೆ.

ಎರಡನೆಯ ಬೀಗ

ಎಷ್ಟೇ ಗಟ್ಟಿಯಾದ ಗುಪ್ತಪದವೂ ಒಮ್ಮೆ ಮೋಸದ ತಾಣದಲ್ಲಿ ಬೆರಳಚ್ಚಿಸಿದರೆ ಹೋಯಿತು. ಆದುದರಿಂದ ಒಳ್ಳೆಯ ಒಳಜಾಲ ಎರಡು ಬಗೆಯ ಸಾಕ್ಷಿ ಕೇಳುತ್ತದೆ. ಫೋನಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಸಂಖ್ಯೆಯನ್ನು ನೀವು ನೋಡಿರಬಹುದು. ಅದು ಬರುವುದು ಎಲ್ಲಿಂದ? ಯಾರೂ ಕಳುಹಿಸುವುದಿಲ್ಲ. ಮೊದಲ ದಿನವೇ ಸರ್ವರು ಮತ್ತು ಫೋನು ಒಂದು ಗುಟ್ಟನ್ನು ಹಂಚಿಕೊಂಡಿರುತ್ತವೆ. ಇಬ್ಬರ ಬಳಿಯೂ ಗಡಿಯಾರವಿದೆ. ಗುಟ್ಟನ್ನೂ ಗಡಿಯಾರದ ಹೊತ್ತನ್ನೂ ಒಂದೇ ಏಕಮುಖ ಸೂತ್ರಕ್ಕೆ ಹಾಕಿದರೆ ಇಬ್ಬರಿಗೂ ಒಂದೇ ಉತ್ತರ ಬರುತ್ತದೆ. ಒಂದೇ ಪಂಚಾಂಗ ನೋಡುವ ಇಬ್ಬರಿಗೆ ಒಂದೇ ತಿಥಿ ಸಿಗುವ ಹಾಗೆ. ಆದ್ದರಿಂದಲೇ ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಈ ಸಂಖ್ಯೆ ಕೆಲಸ ಮಾಡುತ್ತದೆ. 2011ರಲ್ಲಿ ಇದರ ಮಾನಕ ಪ್ರಕಟವಾಯಿತು.

ಆದರೆ ಮೋಸಗಾರ ಫೋನ್ ಮಾಡಿ ‘ಸ್ವಲ್ಪ ಆ ಸಂಖ್ಯೆ ಹೇಳಿ’ ಎಂದರೆ? ಹೇಳಿಬಿಡುವವರಿದ್ದಾರೆ. ಅದಕ್ಕಾಗಿ ಈಗ ಪಾಸ್‌ಕೀ ಎಂಬ ಹೊಸ ವಿಧಾನ ಬಂದಿದೆ. ಇದರಲ್ಲಿ ಗುಟ್ಟು ನಿಮ್ಮ ಫೋನು ಅಥವಾ ಕೀಲಿಯನ್ನು ಬಿಟ್ಟು ಹೊರಗೆ ಮಾತಿನಲ್ಲಿ ಬರುವುದೇ ಇಲ್ಲ. ತಾಣದ ನಿಜವಾದ ಹೆಸರನ್ನು ನೋಡಿಯೇ ಅದು ಸಹಿ ಹಾಕುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ಬೇರೆಯಾದರೂ ಸಹಿ ಸಿಗದು. ಮನುಷ್ಯನ ಕಣ್ಣು ತಪ್ಪಿದರೂ ಯಂತ್ರದ ಕಣ್ಣು ತಪ್ಪುವುದಿಲ್ಲ.

ಗುರುತು ಒಪ್ಪಿಗೆಯಾದ ಮೇಲೆ ಸರ್ವರು ನಿಮ್ಮ ಬ್ರೌಸರಿಗೆ ಒಂದು ಚೀಟಿ ಕೊಡುತ್ತದೆ. ಊಹಿಸಲಾಗದಷ್ಟು ಉದ್ದದ ಒಂದು ಅಂಕಿ. ಮುಂದಿನ ಪ್ರತಿ ಪುಟಕ್ಕೂ ಬ್ರೌಸರು ಈ ಚೀಟಿಯನ್ನು ತೋರಿಸುತ್ತದೆ. ಇಲ್ಲದಿದ್ದರೆ ಪ್ರತಿ ಪುಟಕ್ಕೂ ನೀವು ಗುಪ್ತಪದ ಬರೆಯಬೇಕಾಗುತ್ತಿತ್ತು. ಈ ಚೀಟಿ ಕದ್ದವನಿಗೆ ಗುಪ್ತಪದವೇ ಬೇಡ. ಆದುದರಿಂದ ದಾರಿಯಲ್ಲಿ ಅದು ಗೂಢಲಿಪಿಯಲ್ಲಿಯೇ ಸಾಗಬೇಕು. ಕೆಲಸವಿಲ್ಲದೆ ಹದಿನೈದು ನಿಮಿಷ ಕಳೆದರೆ ಸಾಯಬೇಕು. ‘ಹೊರಗೆ ಹೋಗು’ ಎಂದು ಒತ್ತಿದೊಡನೆ ಸರ್ವರಿನಲ್ಲಿಯೂ ರದ್ದಾಗಬೇಕು.

ನಿಮಗೆ ಏನು ಅಧಿಕಾರ?

ಟೆಲಿವಿಷನ್ ಸ್ಟುಡಿಯೋಗೆ ಬರುವ ಅತಿಥಿಗೆ ಗೌರವದಿಂದ ಪ್ರವೇಶಪತ್ರ ಕೊಡುತ್ತೇವೆ. ಆದರೆ ಪ್ರಸಾರದ ಗುಂಡಿ ಇರುವ ಕೊಠಡಿಗೆ ಅಂದು ಪಾಳಿಯಲ್ಲಿ ಇರುವವರು ಮಾತ್ರ ಹೋಗಬಹುದು. ಅತಿಥಿಯ ಮೇಲೆ ಸಂಶಯವಿದೆ ಎಂದಲ್ಲ. ಅವರ ಕೆಲಸಕ್ಕೆ ಆ ಗುಂಡಿ ಬೇಕಾಗಿಲ್ಲ. 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು ಈ ವಿವೇಕಕ್ಕೆ ಶಾಸ್ತ್ರದ ರೂಪ ಕೊಟ್ಟರು: ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ.

ಹೇಳುವುದು ಸುಲಭ, ಪಾಲಿಸುವುದು ಹೇಗೆ? ಒಂದು ಕಂಪನಿಯಲ್ಲಿ 300 ನೌಕರರು, ಒಳಜಾಲದಲ್ಲಿ 40 ಪುಟಗಳು ಎಂದುಕೊಳ್ಳಿ. ಒಬ್ಬೊಬ್ಬರಿಗೂ ಒಂದೊಂದು ಪುಟಕ್ಕೂ ಹೌದು ಅಥವಾ ಇಲ್ಲ ಎಂದು ಬರೆದರೆ 12,000 ತೀರ್ಮಾನಗಳು. ಯಾರಾದರೂ ತಪ್ಪದೆ ಇರಲು ಸಾಧ್ಯವೇ? ಅದರ ಬದಲು ಎಂಟು ಪಾತ್ರಗಳನ್ನು ಮಾಡಿ: ಲೆಕ್ಕಪತ್ರದವರು, ಮಾರಾಟದವರು, ಎಂಜಿನಿಯರು, ಹೀಗೆ. ಪಾತ್ರಕ್ಕೆ ಪುಟಗಳನ್ನು ಹೊಂದಿಸಲು 320 ತೀರ್ಮಾನ, ಜನರಿಗೆ ಪಾತ್ರ ಕೊಡಲು 300. ಒಟ್ಟು 620. ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಈ ಪಾತ್ರಾಧಾರಿತ ಕ್ರಮವನ್ನು ಗಣಿತದ ಖಚಿತತೆಯಿಂದ ನಿರೂಪಿಸಿದರು. ನಾಟಕದಲ್ಲಿ ನಟ ಬದಲಾದರೂ ಪಾತ್ರದ ಮಾತು ಬದಲಾಗದಂತೆ, ಇಲ್ಲಿ ನೌಕರ ಬದಲಾದರೂ ಪಾತ್ರದ ಅಧಿಕಾರ ಬದಲಾಗುವುದಿಲ್ಲ.

ಇನ್ನೊಂದು ಭೇದ ನೆನಪಿಡಿ. ನೋಡುವ ಅಧಿಕಾರ ಬೇರೆ, ತಿದ್ದುವ ಅಧಿಕಾರ ಬೇರೆ, ತಿದ್ದಿದ್ದನ್ನು ಒಪ್ಪುವ ಅಧಿಕಾರ ಇನ್ನೂ ಬೇರೆ. ಬಹುಮುಖ್ಯವಾದ ಬದಲಾವಣೆಗಳಲ್ಲಿ ತಿದ್ದುವವರೂ ಒಪ್ಪುವವರೂ ಒಬ್ಬರೇ ಆಗಿರಬಾರದು.

ಅಡಗಿಸಿಟ್ಟರೆ ಬೀಗ ಹಾಕಿದಂತಲ್ಲ

ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಾಣವನ್ನು ರಚಿಸುವವರು ‘ಈ ಗುಂಡಿ ಅಧಿಕಾರಿಗೆ ಮಾತ್ರ ಕಾಣಲಿ’ ಎಂದು ಬರೆದು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಗುಂಡಿ ಕಾಣದಿದ್ದರೇನಂತೆ? ಪುಟದ ವಿಳಾಸವನ್ನು ಕೈಯಿಂದಲೇ ಬರೆಯಬಹುದಲ್ಲ! ನಿಮ್ಮ ಸಂಬಳದ ಚೀಟಿಯ ವಿಳಾಸದ ಕೊನೆಯಲ್ಲಿ 118 ಎಂದಿದೆ ಎನ್ನಿ. ಅದನ್ನು 119 ಮಾಡಿದೊಡನೆ ಪಕ್ಕದ ಮೇಜಿನವರ ಚೀಟಿ ತೆರೆದರೆ, ಆ ಮನೆಗೆ ಬಾಗಿಲಿದೆ, ಬೀಗವಿಲ್ಲ.

ಸರಿಯಾದ ಕ್ರಮ ಒಂದೇ. ಪ್ರತಿ ಕೋರಿಕೆಯನ್ನೂ ಸರ್ವರು ಹೊಸದಾಗಿ ಪರೀಕ್ಷಿಸಬೇಕು: ಕೇಳುತ್ತಿರುವವರು ಯಾರು, ಕೇಳುತ್ತಿರುವುದು ಯಾರ ಕಾಗದ, ಇವರಿಗೆ ಇದು ಸಲ್ಲುತ್ತದೆಯೇ? ಗುರುತೇ ತಿಳಿಯದಿದ್ದರೆ ಸರ್ವರು 401 ಎಂಬ ಉತ್ತರ ಕೊಡುತ್ತದೆ. ಗುರುತು ಗೊತ್ತು, ಆದರೆ ಅಧಿಕಾರವಿಲ್ಲ ಎಂದರೆ 403. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಮೊದಲ ಎರಡು ಪ್ರಶ್ನೆಗಳ ನಡುವಿನ ಅಂತರ. ಸ್ಪಷ್ಟವಾಗಿ ‘ಹೌದು’ ಎಂದು ಬರೆಯದ ಎಲ್ಲದಕ್ಕೂ ಉತ್ತರ ‘ಇಲ್ಲ’ ಎಂದೇ ಇರಬೇಕು. ಜಾಲತಾಣಗಳ ಭದ್ರತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2021ರಲ್ಲಿ ಹತ್ತು ಮುಖ್ಯ ದೋಷಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಈ ದೋಷಕ್ಕೇ.

ಕೆ.ಆರ್. ಪುರದ ಕಚೇರಿಗೆ ಬರೋಣ

ಈಗ ಪಹಣಿಯ ವಿಷಯ ನೋಡೋಣ. ಮೊದಲು ಜಮೀನಿನ ದಾಖಲೆಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದವು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಒಬ್ಬೊಬ್ಬರ ಬಳಿ ಮೂರು ನಾಲ್ಕು ಹಳ್ಳಿಗಳ ಪುಸ್ತಕ. ಪುಸ್ತಕ ಅವರ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿ ಅವರ ಕೈಯಲ್ಲಿ. ನಕಲು ಬೇಕಾದ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕು. ಸಾಲೊಂದನ್ನು ಕೆರೆದು ಬರೆದರೆ ಹೇಳುವವರು ಕೇಳುವವರು ಯಾರು?

‘ಭೂಮಿ’ ಯೋಜನೆ 2000ದ ಸುಮಾರಿಗೆ ಇದನ್ನು ಬದಲಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅದರ ತಂತ್ರಾಂಶ ರಚಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಇದೆಲ್ಲ ನಿಮಗೆ ಪಠ್ಯದಲ್ಲಿ ಸಿಕ್ಕಿರಬಹುದು. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಒಳಬಾಗಿಲು.

ದಾಖಲೆ ತಿದ್ದುವ ನೌಕರ ಅಲ್ಲಿ ಬರೀ ಗುಪ್ತಪದದಿಂದ ಒಳಗೆ ಹೋಗುವಂತಿರಲಿಲ್ಲ, ಬೆರಳಚ್ಚು ಒತ್ತಬೇಕಾಗಿತ್ತು. ಯಾಕೆ? ಕಚೇರಿಗಳಲ್ಲಿ ಗುಪ್ತಪದ ಬಹಳ ಬೇಗ ಎಲ್ಲರ ಪದವಾಗುತ್ತದೆ. ‘ನಾನು ರಜೆ, ನನ್ನ ಹೆಸರಿನಲ್ಲಿ ನೀವೇ ಮಾಡಿಬಿಡಿ’ ಎಂದು ಚೀಟಿಯಲ್ಲಿ ಬರೆದುಕೊಡುವುದು ನಮಗೆ ಸಹಾಯವಾಗಿ ಕಾಣುತ್ತದೆ, ಅಪರಾಧವಾಗಿ ಕಾಣುವುದಿಲ್ಲ. ಬೆರಳನ್ನು ಹಾಗೆ ಸಾಲ ಕೊಡಲಾಗದು. ಇನ್ನೊಂದು ಲಾಭವೂ ಉಂಟು. ಮುಂದೆ ತಕರಾರು ಬಂದರೆ ‘ನಾನಲ್ಲ, ಯಾರೋ ನನ್ನ ಗುಪ್ತಪದ ಬಳಸಿದ್ದಾರೆ’ ಎನ್ನಲಾಗದು. ಯಾವ ಬೆರಳು, ಯಾವ ದಿನ, ಯಾವ ಹೊತ್ತು, ಯಾವ ಸಾಲು ಎಂಬುದು ದಾಖಲಾಗಿರುತ್ತದೆ. ಇದೇ ನಮ್ಮ ಮೂರನೆಯ ಪ್ರಶ್ನೆಗೆ ಉತ್ತರ.

ಹಾಗೆಯೇ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳಬೇಕು. ಪರಿಚಯದವರ ಅರ್ಜಿಯನ್ನು ಮೇಲಕ್ಕೆ ಎತ್ತಲು ತಂತ್ರಾಂಶ ಬಿಡುವುದಿಲ್ಲ. ತಕರಾರು ಸಲ್ಲಿಸಲು ಆಗ 30 ದಿನದ ಅವಧಿ ಇತ್ತು. ಅಧಿಕಾರಿಯ ಸಹಿಯಾದ ಆದೇಶವನ್ನು ಸ್ಕ್ಯಾನ್ ಮಾಡಿ ಸೇರಿಸಬೇಕು. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆಯನ್ನು ಇಟ್ಟರು. ಒಳಜಾಲದ ಕೆಲಸ ಹೊರಗಿನವರ ಕಣ್ಣಿಗೂ ಬೀಳುವುದೇ ಒಂದು ಕಾವಲಲ್ಲವೇ? ಇಂದು ಪಹಣಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. ನೋಡುವ ಬಾಗಿಲು ಊರಿಗೆಲ್ಲ ತೆರೆದಿದೆ. ತಿದ್ದುವ ಬಾಗಿಲು ಕೆಲವರಿಗೆ ಮಾತ್ರ.

ಹಾಗೆಂದು ಬೆರಳಚ್ಚು ಸರ್ವರೋಗಕ್ಕೂ ಮದ್ದಲ್ಲ. ನೌಕರ ಬೆರಳು ಒತ್ತಿ, ಪರದೆಯನ್ನು ತೆರೆದಿಟ್ಟು ಕಾಫಿಗೆ ಹೋದರೆ, ಆಗ ಆ ಕುರ್ಚಿಯಲ್ಲಿ ಕುಳಿತವರೇ ಆತ. ಚೀಟಿ ಬೇಗ ಸಾಯಬೇಕು ಎಂದದ್ದು ಇದಕ್ಕೇ. ಅಲ್ಲದೆ ಕದ್ದುಹೋದ ಗುಪ್ತಪದವನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ? ಕಾಗದದಲ್ಲೇ ಸುಳ್ಳು ಬರೆದು ತಂದರೆ ಕಂಪ್ಯೂಟರು ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ಬೀಗ ಕಾಯುವುದು ಬಾಗಿಲನ್ನು ಮಾತ್ರ, ಸತ್ಯವನ್ನಲ್ಲ. ಸತ್ಯವನ್ನು ಕಾಯುವ ಕೆಲಸ ಮನುಷ್ಯರದೇ.

ಒಳಗಿನವರು

ಗೋಡೆ ಹಾರಿ ಬಂದವರಿಗಿಂತ ಬಾಗಿಲಿನಿಂದ ಬಂದವರಿಂದ ಆದ ನಷ್ಟವೂ ಕಡಿಮೆಯಲ್ಲ. 2006ರಲ್ಲಿ ಎಚ್.ಎಸ್.ಬಿ.ಸಿ. ಬ್ಯಾಂಕಿನ ಬೆಂಗಳೂರು ಸೇವಾ ಕೇಂದ್ರದ ಒಬ್ಬ ನೌಕರನನ್ನು ಪೊಲೀಸರು ಬಂಧಿಸಿದರು. ಗ್ರಾಹಕರ ವಿವರಗಳನ್ನು ಹೊರಗಿನವರಿಗೆ ಕೊಟ್ಟನೆಂಬುದು ಆರೋಪ. ಬ್ರಿಟನ್ನಿನ ಸುಮಾರು 20 ಗ್ರಾಹಕರ ಖಾತೆಗಳಿಂದ ಸುಮಾರು 2,33,000 ಪೌಂಡ್ ಹೋಗಿತ್ತು. ಇಂತಹ ಕಡೆ ಗುರುತಿನ ಪ್ರಶ್ನೆಗೆ ಉತ್ತರ ಸರಿಯಾಗಿಯೇ ಇರುತ್ತದೆ: ನೌಕರ ನಿಜವಾದ ನೌಕರನೇ. ಕೇಳಬೇಕಾದ ಪ್ರಶ್ನೆಗಳು ಬೇರೆ. ಅವನ ಕೆಲಸಕ್ಕೆ ಅಷ್ಟು ವಿವರ ಬೇಕಿತ್ತೇ? ದಿನಕ್ಕೆ ಮೂವತ್ತು ಖಾತೆ ನೋಡುವವನು ಒಂದು ದಿನ ಮುನ್ನೂರು ನೋಡಿದರೆ ಯಾರಿಗಾದರೂ ತಿಳಿಯುತ್ತದೆಯೇ? ದಾಖಲೆ ಬರೆದಿಟ್ಟರೆ ಸಾಲದು, ಅದನ್ನು ಓದುವವರು ಬೇಕು.

ಕೆಲಸ ಬಿಟ್ಟವರ ಕಥೆ ಇನ್ನೊಂದು. ಬೀಳ್ಕೊಡುಗೆಯ ಹಾರ, ಫೋಟೋ ಎಲ್ಲ ಆಗುತ್ತದೆ. ಅವರ ಖಾತೆಯನ್ನು ಮುಚ್ಚಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ವಿಭಾಗ ಬದಲಿಸಿದವರದು ಮತ್ತೂ ಸೂಕ್ಷ್ಮ. ಹೊಸ ಪಾತ್ರ ಸಿಗುತ್ತದೆ, ಹಳೆಯದು ಹೋಗುವುದಿಲ್ಲ. ಹತ್ತು ವರ್ಷಕ್ಕೆ ಅವರ ಬಳಿ ಕಚೇರಿಯ ಎಲ್ಲ ಕೀಲಿಗಳ ಗೊಂಚಲು ಸೇರಿರುತ್ತದೆ. ಆದುದರಿಂದ ನೌಕರರ ಹೆಸರುಗಳು ಒಂದೇ ಪಟ್ಟಿಯಲ್ಲಿರಬೇಕು. ಅಲ್ಲಿ ಹೆಸರು ಹೊಡೆದೊಡನೆ ಎಲ್ಲ ಬಾಗಿಲುಗಳೂ ಮುಚ್ಚಬೇಕು. ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಓದಿ, ‘ಇವರಿಗೆ ಇದು ಇನ್ನೂ ಬೇಕೇ?’ ಎಂದು ಕೇಳಬೇಕು.

ಗೋಡೆಯ ಒಳಗಿದ್ದವರೆಲ್ಲ ನಂಬಿಗಸ್ತರು ಎಂಬ ಹಳೆಯ ನಂಬಿಕೆಗೆ 2009ರ ಕೊನೆಯಲ್ಲಿ ದೊಡ್ಡ ಪೆಟ್ಟು ಬಿತ್ತು. ಗೂಗಲ್ ಮುಂತಾದ ಕಂಪನಿಗಳ ಒಳಜಾಲಕ್ಕೇ ಹೊರಗಿನವರು ನುಗ್ಗಿದರು. ಆಮೇಲೆ ಗೂಗಲ್ ತನ್ನ ಕ್ರಮವನ್ನೇ ಬದಲಿಸಿ, 2014ರಿಂದ ಅದರ ವಿವರಗಳನ್ನು ಪ್ರಕಟಿಸಿತು. ಅದರ ತಿರುಳು ಇಷ್ಟೆ: ಕಚೇರಿಯ ಮೇಜಿನಿಂದ ಬಂದ ಕೋರಿಕೆಯೂ ಶಿವಾಜಿನಗರದ ಬಸ್ ನಿಲ್ದಾಣದಿಂದ ಬಂದ ಕೋರಿಕೆಯೂ ಒಂದೇ. ವ್ಯಕ್ತಿ ಯಾರು, ಯಂತ್ರ ಆರೋಗ್ಯವಾಗಿದೆಯೇ, ಕೇಳುವುದು ಏನು ಎಂದು ಪ್ರತಿ ಸಲವೂ ನೋಡು. ಸ್ಥಳ ನೋಡಿ ನಂಬಬೇಡ.

ಕಾನೂನು ಏನು ಹೇಳುತ್ತದೆ?

2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಂ ಪ್ರಕಾರ, ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರನ್ನೋ ಜಾಲವನ್ನೋ ಹೊಕ್ಕವರು ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೆಯ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ಬೀಗವಿರಲಿಲ್ಲ, ಅದಕ್ಕೇ ಒಳಗೆ ಹೋದೆ’ ಎಂಬ ಮಾತು ಮನೆಗೆ ಹೇಗೆ ಒಪ್ಪುವುದಿಲ್ಲವೋ ಜಾಲಕ್ಕೂ ಹಾಗೆಯೇ. ಆದುದರಿಂದ 118ನ್ನು 119 ಮಾಡಿ ನೋಡುವ ಕುತೂಹಲ ನಿಮ್ಮದೇ ಪ್ರಯೋಗದ ತಾಣಕ್ಕೆ ಮಾತ್ರ ಇರಲಿ. ಸಂಸ್ಥೆಗಳಿಗೂ ಹೊಣೆ ಉಂಟು. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ, ಭದ್ರತೆಗೆ ಧಕ್ಕೆ ಬಂದದ್ದು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. ಪ್ರವೇಶದ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು.

ನೀವೇ ಮಾಡಿ ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕಾಲೇಜಿಗೆ ಒಂದು ಒಳಜಾಲ ಬೇಕಾಗಿದೆ ಎಂದು ಭಾವಿಸಿ. ಎಡಗಡೆ ಪಾತ್ರಗಳನ್ನು ಬರೆಯಿರಿ: ವಿದ್ಯಾರ್ಥಿ, ಅಧ್ಯಾಪಕರು, ಗ್ರಂಥಪಾಲಕರು, ಗುಮಾಸ್ತರು, ಪ್ರಾಂಶುಪಾಲರು. ಮೇಲ್ಗಡೆ ವಿಷಯಗಳನ್ನು ಬರೆಯಿರಿ: ವೇಳಾಪಟ್ಟಿ, ಹಾಜರಿ, ಅಂಕಪಟ್ಟಿ, ಶುಲ್ಕ, ಪುಸ್ತಕ ಸಾಲ. ಪ್ರತಿ ಚೌಕದಲ್ಲಿ ನೋಡಬಹುದು, ತಿದ್ದಬಹುದು, ಒಪ್ಪಬಹುದು, ಅಥವಾ ಏನೂ ಇಲ್ಲ ಎಂದು ತುಂಬಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ವಿದ್ಯಾರ್ಥಿ ತನ್ನ ಅಂಕ ಮಾತ್ರ ನೋಡಬೇಕು, ಎಲ್ಲರದನ್ನಲ್ಲ ಎಂಬುದು ನಿಮ್ಮ ಚೌಕದಲ್ಲಿ ಬಂದಿದೆಯೇ? ಅಂಕವನ್ನು ತಿದ್ದುವವರೂ ಒಪ್ಪುವವರೂ ಒಬ್ಬರೇ ಆಗಿದ್ದಾರೆಯೇ? ವರ್ಗವಾಗಿ ಹೋದ ಅಧ್ಯಾಪಕರ ಹೆಸರನ್ನು ಯಾರು, ಯಾವ ದಿನ ಹೊಡೆಯುತ್ತಾರೆ? ಈ ಹಾಳೆಯನ್ನು ಗೆಳೆಯರೊಬ್ಬರಿಗೆ ಕೊಟ್ಟು ಅದರಲ್ಲಿ ಸಂದು ಹುಡುಕಲು ಹೇಳಿ. ಸಿಕ್ಕಿಯೇ ಸಿಗುತ್ತದೆ. ಅದನ್ನು ಮುಚ್ಚಿ, ಮತ್ತೆ ಕೊಡಿ.

ಈ ಕಾವಲನ್ನೆಲ್ಲ ಕಂಡು ‘ನಮ್ಮ ಮೇಲೆ ನಂಬಿಕೆಯಿಲ್ಲವೇ?’ ಎಂದು ಬೇಸರಪಡುವ ನೌಕರರಿದ್ದಾರೆ. ಅವರಿಗೆ ಒಂದು ಮಾತು ಹೇಳಬಹುದು. ಯಾರು ಏನು ಮಾಡಿದರೆಂದು ತಿಳಿಯದ ಕಚೇರಿಯಲ್ಲಿ ಒಂದು ಸಾಲು ತಪ್ಪಾದರೆ ಸಂಶಯ ಎಲ್ಲರ ಮೇಲೂ ಬೀಳುತ್ತದೆ. ದುರ್ಬಲರ ಮೇಲೆ ಮೊದಲು ಬೀಳುತ್ತದೆ. ಬೆರಳ ಗುರುತೂ ಹೊತ್ತೂ ಬರೆದಿಟ್ಟ ಕಚೇರಿಯಲ್ಲಿ ಪ್ರಾಮಾಣಿಕ ಗುಮಾಸ್ತ ತಲೆಯೆತ್ತಿ ನಿಲ್ಲಬಹುದು. ಆ ದಾಖಲೆ ವರ್ತೂರಿನ ರೈತನ ಗುಂಟೆಯನ್ನು ಕಾಯುವಷ್ಟೇ ಆತನ ಹೆಸರನ್ನೂ ಕಾಯುತ್ತದೆ.